ಬೀಗಕ್ಕೂ ಪೋಡಿ

ಉಳವಿ ಹೋಬಳಿಯ ರೈತರಿಗೆ ಪೋಡಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜನ ಹೆಸರಿನಲ್ಲಿದ್ದ ಒಂದೇ ಸರ್ವೆ ನಂಬರು. ಮೂವರು ಮಕ್ಕಳು ಬಾಯಿಮಾತಿನಲ್ಲಿ ಹಂಚಿಕೊಂಡು, ಬದು ಹಾಕಿ, ಅವರವರ ಪಾಡಿಗೆ ಉಳುತ್ತಿರುತ್ತಾರೆ. ಪಹಣಿಯಲ್ಲಿ ಮಾತ್ರ ಮೂವರೂ ಜಂಟಿ. ನಮ್ಮ ಮನೆಯದೂ ಇದೇ ಕಥೆ. ಚಿಕ್ಕಪ್ಪನಿಗೆ ತನ್ನ ಪಾಲಿನ ಮೇಲೆ ಸಾಲ ಬೇಕಾದರೆ ದೊಡ್ಡಪ್ಪನ ಸಹಿ ಬೇಕು. ದೊಡ್ಡಪ್ಪ ಶಿಕಾರಿಪುರದ ಮಗಳ ಮನೆಯಲ್ಲಿ ತಿಂಗಳು ಕೂತರೆ ಇಲ್ಲಿ ಚಿಕ್ಕಪ್ಪನ ಕಾಗದ ಅಲ್ಲೇ ನಿಂತಿತು. ಇಬ್ಬರ ಗದ್ದೆಗೂ ಒಂದಕ್ಕೊಂದು ಸಂಬಂಧವಿಲ್ಲ, ಜಗಳವೂ ಇಲ್ಲ. ದಾಖಲೆ ಒಂದೇ ಆಗಿದ್ದಕ್ಕೆ ಕಾಯಬೇಕಾಯಿತು, ಅಷ್ಟೆ. ಪೋಡಿಯಾಗಿ, ಅಂದರೆ ಅಳತೆ ಮುಗಿದು ಒಬ್ಬೊಬ್ಬರ ಪಾಲಿಗೂ ಬೇರೆ ಹಿಸ್ಸಾ ನಂಬರು ಬಿದ್ದ ಮೇಲೆ ಆ ಕಾಯುವಿಕೆ ಹೋಯಿತು.

ಬೆಂಗಳೂರಿನಲ್ಲಿ ನನ್ನ ಅನ್ನ ಹುಟ್ಟುವುದು ಲಿನಕ್ಸ್ ಕರ್ನಲ್‌ನ ಮೆಮೊರಿ ವಿಭಾಗದಿಂದ. ಏನು ಕೆಲಸ ಎಂದು ಊರಲ್ಲಿ ಕೇಳಿದರೆ 'ಪೋಡಿ ಮಾಡಿಸೋದು' ಎನ್ನುತ್ತೇನೆ. ನಗುತ್ತಾರೆ. ಸುಳ್ಳೇನಲ್ಲ.

ಒಂದು ಪ್ರೋಗ್ರಾಮ್ ಓಡುವಾಗ ಅದಕ್ಕೆ ತನ್ನದೇ ಒಂದು ವಿಳಾಸಗಳ ಊರು ಸಿಗುತ್ತದೆ. ಆ ಊರಿನಲ್ಲಿ ಕೋಡ್‌ಗೆ ಒಂದಷ್ಟು ಜಾಗ, ಸ್ಟಾಕ್‌ಗೆ ಒಂದಷ್ಟು, ಒಂದೊಂದು ಲೈಬ್ರರಿಗೂ ಒಂದೊಂದು ತುಂಡು. ಈ ತುಂಡಿಗೆ ಕರ್ನಲ್‌ನಲ್ಲಿ ವಿಎಂಎ ಎಂದು ಹೆಸರು. ಸರ್ವೆ ನಂಬರು ಅಂದುಕೊಳ್ಳಿ. ಎಂಮ್ಯಾಪ್ ಎಂಬ ಕರೆಯಿಂದ ಹೊಸ ನಂಬರು ಹುಟ್ಟುತ್ತದೆ, ಮನ್‌ಮ್ಯಾಪ್‌ನಿಂದ ಅಳಿಯುತ್ತದೆ, ಮಧ್ಯದ ತುಣುಕಿಗಷ್ಟೇ ಬೇರೆ ಅನುಮತಿ ಕೊಟ್ಟರೆ ಒಂದು ನಂಬರು ಮೂರು ಹಿಸ್ಸಾ ಆಗುತ್ತದೆ. ಆದರೆ ಇದೆಲ್ಲ ಕಾಗದದ ಮೇಲಿನ ಜಮೀನು. ನಿಜವಾದ ಮೆಮೊರಿ, 4 ಕೆಬಿಯ ಪುಟ, ಸಿಗುವುದು ಪ್ರೋಗ್ರಾಮ್ ಆ ಜಾಗವನ್ನು ಮೊದಲ ಸಲ ಮುಟ್ಟಿದಾಗ. ಆಗ ಪ್ರೊಸೆಸರ್ ಎಡವಿ ಕರ್ನಲ್ಲನ್ನು ಕರೆಯುತ್ತದೆ. ಇದೇ ಪೇಜ್ ಫಾಲ್ಟ್. 1 ಜಿಬಿ ಜಾಗವನ್ನು ಪೂರ್ತಿ ಮುಟ್ಟಬೇಕೆಂದರೆ 2,62,144 ಸಲ ಹೀಗೆ ಎಡವಬೇಕು. ಪ್ರತಿ ಸಲವೂ ಕರ್ನಲ್ ದಾಖಲೆ ತೆಗೆದು ನೋಡುತ್ತದೆ: ಈ ವಿಳಾಸ ಯಾವ ನಂಬರಿನಲ್ಲಿ ಬರುತ್ತದೆ, ಇಲ್ಲಿ ಬರೆಯಲು ಅನುಮತಿ ಇದೆಯೇ?

ದಾಖಲೆ ನೋಡುತ್ತಿರುವಾಗಲೇ ಅದೇ ಪ್ರೋಗ್ರಾಮಿನ ಇನ್ನೊಂದು ಥ್ರೆಡ್, ಅಂದರೆ ಜೊತೆಗೇ ಓಡುವ ಇನ್ನೊಂದು ಎಳೆ, ಅದನ್ನು ತಿದ್ದಿದರೆ ಅನರ್ಥ. ಅದಕ್ಕೇ ಬೀಗ. ಲಿನಕ್ಸ್‌ನಲ್ಲಿ ಇಡೀ ಊರಿಗೆ ಒಂದೇ ಬೀಗವಿತ್ತು. ಮೊದಲು ಅದರ ಹೆಸರು ಎಂಮ್ಯಾಪ್ ಸೆಮ್. 2020ರಲ್ಲಿ ಬಂದ 5.8ನೇ ಆವೃತ್ತಿಯಿಂದ ಎಂಮ್ಯಾಪ್ ಲಾಕ್. ಹೆಸರು ಬದಲಿಸಿದ್ದು ಚೆಂದಕ್ಕಲ್ಲ. ಕರ್ನಲ್ ತುಂಬ ನೂರಾರು ಕಡೆ ಈ ಬೀಗವನ್ನು ನೇರವಾಗಿ ಹಿಡಿಯುತ್ತಿದ್ದ ಕೋಡ್ ಇತ್ತು. ಅದನ್ನೆಲ್ಲ ಒಂದು ಬಾಗಿಲಿನ ಮೂಲಕ ಬರುವಂತೆ ಮಾಡದೆ ಬೀಗವನ್ನು ಬದಲಿಸುವ ಹಾಗೇ ಇರಲಿಲ್ಲ. ಆ ಬೇಸರದ ಕೆಲಸವನ್ನು ಮಿಶೆಲ್ ಲೆಸ್ಪಿನಾಸ್ ಮಾಡಿ ಮುಗಿಸಿದರು. ಮುಂದೆ ಹೆಸರು ಮಾಡಿದ ಪ್ಯಾಚ್‌ಗಳೆಲ್ಲ ನಿಂತಿರುವುದು ಅದರ ಮೇಲೆ.

ಎಂಮ್ಯಾಪ್ ಲಾಕ್ ಓದುವವರಿಗೂ ಬರೆಯುವವರಿಗೂ ಬೇರೆ ಬೇರೆ ರೀತಿಯಲ್ಲಿ ತೆರೆಯುವ ಬೀಗ. ಓದುವವರು ಎಷ್ಟು ಜನ ಬೇಕಾದರೂ ಒಟ್ಟಿಗೆ ಒಳಗಿರಬಹುದು. ಬರೆಯುವವನು ಬಂದರೆ ಅವನೊಬ್ಬನೇ. ಪೇಜ್ ಫಾಲ್ಟ್ ಓದುವ ಕೆಲಸ, ಎಂಮ್ಯಾಪ್ ಬರೆಯುವ ಕೆಲಸ. ಫಾಲ್ಟ್‌ಗಳೇ ಹೆಚ್ಚು ಎಂದ ಮೇಲೆ ತೊಂದರೆ ಎಲ್ಲಿ ಬಂತು? ತೊಂದರೆ ಸರದಿಯದು. ಬರೆಯುವವನು ಬಾಗಿಲಲ್ಲಿ ಕಾದು ನಿಂತನೆಂದರೆ ಅವನ ಹಿಂದೆ ಬಂದ ಓದುವವರನ್ನೂ ತಡೆಯಬೇಕು; ಇಲ್ಲದಿದ್ದರೆ ಅವನಿಗೆ ಸರದಿ ಬರುವುದೇ ಇಲ್ಲ. ಹಾಗಾಗಿ ಒಳಗೆ ಒಬ್ಬ ಓದುವವನು ತಡ ಮಾಡಿದರೆ ಹೊರಗೆ ಒಬ್ಬ ಬರೆಯುವವನು, ಅವನ ಹಿಂದೆ ಐವತ್ತು ಓದುವವರು. ನನಗೆ ಇದರ ಪಾಠವಾದದ್ದು ಒಂದು ಸರ್ವರ್‌ನಲ್ಲಿ. ನಿಗಾ ಇಡಲೆಂದು ಹಾಕಿದ್ದ ಒಂದು ಪುಟ್ಟ ಪ್ರೋಗ್ರಾಮ್ ಪ್ರತಿ ಸೆಕೆಂಡಿಗೂ ಡೇಟಾಬೇಸಿನ ಮೆಮೊರಿ ನಕ್ಷೆಯನ್ನು ಓದುತ್ತಿತ್ತು. ಅದಕ್ಕೆ ಕೊಟ್ಟಿದ್ದು ಕಡಿಮೆ ಆದ್ಯತೆ, ಪಾಪ, ಯಾರಿಗೂ ಅಡ್ಡ ಬರಬಾರದೆಂದು. ಬೀಗ ಹಿಡಿದುಕೊಂಡ ಹೊತ್ತಿಗೇ ಸಿಪಿಯು ಅದನ್ನು ಬದಿಗೆ ತಳ್ಳಿತು. ಅದು ಬೀಗದ ಸಮೇತ ಬದಿಗೆ ಕೂತಿತು. ಡೇಟಾಬೇಸ್ ಇಡಿಯಾಗಿ ನಿಂತಿತು. ಯಾಕೆ ನಿಂತಿತೆಂದು ನೋಡಲು ನಾವು ಪಿಎಸ್ ಆಜ್ಞೆ ಕೊಟ್ಟರೆ ಅದೂ ಅದೇ ಬೀಗಕ್ಕೆ ಕಾಯುತ್ತ ಕೂತಿತು!

ಈ ನೂಕುನುಗ್ಗಲನ್ನು ತಗ್ಗಿಸಲು ಎಷ್ಟು ದಾರಿಗಳನ್ನು ಜನ ಹಿಡಿದಿದ್ದಾರೆ ಎಂದು ನೋಡಿದರೆ, ಎಲ್ಲ ಒಂದೇ ಜಾತಿಯವಲ್ಲ. ಕೆಲವರು ಬೀಗವನ್ನೇ ಜಾಣ ಮಾಡಲು ಹೋದರು. ಕಾಯುವವನು ನಿದ್ದೆ ಹೋಗದೆ ಬಾಗಿಲಲ್ಲೇ ಸುತ್ತುತ್ತಿರುವ ಇನ್ನೊಂದು ಬಗೆಯ ಬೀಗವಿದೆ, ಸ್ಪಿನ್‌ಲಾಕ್. ಹಳೆಯ ಸ್ಪಿನ್‌ಲಾಕ್‌ನಲ್ಲಿ ನೂಕಿದವನಿಗೆ ಬಾಗಿಲು. 2008ರ 2.6.25ರಲ್ಲಿ ನಿಕ್ ಪಿಗಿನ್ ಟೋಕನ್ ಪದ್ಧತಿ ತಂದರು: ಬಂದವರಿಗೆಲ್ಲ ಒಂದು ನಂಬರು, ಕರೆದಾಗ ಒಳಗೆ. ಪಹಣಿ ತಿದ್ದುಪಡಿಯ ಅರ್ಜಿಗಳಿಗೆ ನಮ್ಮ 'ಭೂಮಿ' ತಂತ್ರಾಂಶ ಮೊದಲು ಬಂದವರಿಗೆ ಮೊದಲು ಎಂಬ ಸರದಿ ಹಾಕಿದ ಹಾಗೆ. ನ್ಯಾಯವಾದದ್ದು, ಆದರೆ ಎಲ್ಲರೂ ಒಂದೇ ಬೋರ್ಡನ್ನು ದಿಟ್ಟಿಸುತ್ತಿರಬೇಕು. ಕಂಪ್ಯೂಟರಿನಲ್ಲಿ ಬೋರ್ಡ್ ನೋಡುವುದೂ ಪುಕ್ಕಟೆಯಲ್ಲ. ಬೀಗದ ಅಂಕೆ 64 ಬೈಟಿನ ಒಂದು ಕ್ಯಾಶ್ ಸಾಲಿನಲ್ಲಿರುತ್ತದೆ. ಒಂದು ಕೋರ್ ಅದನ್ನು ಬದಲಿಸಿದ ಕೂಡಲೇ ಉಳಿದ ಕೋರ್‌ಗಳ ಬಳಿ ಇರುವ ಪ್ರತಿಗಳೆಲ್ಲ ರದ್ದಿ, ಎಲ್ಲವೂ ಹೊಸ ಪ್ರತಿಗೆ ಮುಗಿಬೀಳಬೇಕು. 2012ರಲ್ಲಿ ಎಂಐಟಿಯ ಬಾಯ್ಡ್-ವಿಕೈಜರ್ ಮತ್ತು ಸಂಗಡಿಗರು ತೋರಿಸಿದ ಸಂಗತಿ ನನ್ನನ್ನು ಇನ್ನೂ ಕಾಡುತ್ತದೆ. ಇಂಥ ಬೀಗದಿಂದ ವೇಗ ಮೆಲ್ಲಗೆ ತಗ್ಗುವುದಿಲ್ಲ. ಕೆಲವೇ ಕೋರ್ ಹೆಚ್ಚಾದಾಗ ಒಮ್ಮೆಗೇ ಕುಸಿಯುತ್ತದೆ. ಮಳೆಗಾಲದಲ್ಲಿ ಕೆರೆ ಏರಿ ಒಡೆಯುವ ರೀತಿ, ಹಿಂದಿನ ದಿನದವರೆಗೂ ಸುಳಿವಿಲ್ಲ. ಇದಕ್ಕೆ ಮದ್ದು 1991ರಲ್ಲೇ ಮೆಲ್ಲರ್-ಕ್ರಮ್ಮಿ ಮತ್ತು ಸ್ಕಾಟ್ ಬರೆದಿಟ್ಟಿದ್ದರು: ಪ್ರತಿಯೊಬ್ಬನೂ ಬೋರ್ಡ್ ಬಿಟ್ಟು ತನ್ನ ಮುಂದಿನವನು ಬೆನ್ನು ತಟ್ಟುವುದನ್ನಷ್ಟೇ ಕಾಯಲಿ ಎಂದು. ಆ ತತ್ವದ ಸ್ಪಿನ್‌ಲಾಕ್ ಲಿನಕ್ಸ್‌ಗೆ ಬಂದದ್ದು 2015ರ 4.2ರಲ್ಲಿ.

ಟೋಕನ್ನಿನ ಇನ್ನೊಂದು ಕೇಡು ವರ್ಚುವಲ್ ಯಂತ್ರಗಳಲ್ಲಿ ಕಂಡಿತು. ಟೋಕನ್ ನಂಬರ್ ಕರೆದ ಹೊತ್ತಿಗೆ ಆ ನಂಬರಿನ ವರ್ಚುವಲ್ ಸಿಪಿಯುವನ್ನೇ ಹೊರಗಿನ ವ್ಯವಸ್ಥೆ ಮಲಗಿಸಿದ್ದರೆ? ಅವನು ಕಾಫಿಗೆ ಹೋಗಿದ್ದಾನೆ, ಹಿಂದಿನವರು ದಾಟುವಂತಿಲ್ಲ. ಐಬಿಎಂ ಇಂಡಿಯಾದ ಶ್ರೀವತ್ಸ ವಡ್ಡಗಿರಿ ಮತ್ತು ರಾಘವೇಂದ್ರ ಕೆ.ಟಿ., ಜೆರೆಮಿ ಫಿಟ್ಜ್‌ಹಾರ್ಡಿಂಜ್ ಜೊತೆ ಸೇರಿ ಇದರ ಹಿಂದೆ ಬಿದ್ದರು. ತುಸು ಹೊತ್ತು ಕಾದು ಸರದಿ ಬರದಿದ್ದರೆ ಮಲಗಿಬಿಡು, ನಿನ್ನ ನಂಬರು ಬಂದಾಗ ಬೀಗ ಬಿಟ್ಟವನೇ ಎಬ್ಬಿಸುತ್ತಾನೆ ಎಂಬ ಈ ಏರ್ಪಾಡು ಲಿನಕ್ಸ್‌ನಲ್ಲಿ ವರ್ಚುವಲ್ ಯಂತ್ರ ನಡೆಸುವ ಕೆವಿಎಂಗೆ 2013ರ 3.12ರಲ್ಲಿ ಸೇರಿತು.

ಬೀಗವನ್ನು ಎಷ್ಟು ಜಾಣ ಮಾಡಿದರೂ ಸಾಲು ಸಾಲೇ. ಎರಡನೆಯ ದಾರಿ ಪೋಡಿ, ದೊಡ್ಡ ಬೀಗವನ್ನು ಒಡೆದು ಚಿಕ್ಕವು ಮಾಡುವುದು. ಇದರ ಮುತ್ತಜ್ಜ ಬಿಗ್ ಕರ್ನಲ್ ಲಾಕ್. 1996ರ ಲಿನಕ್ಸ್ 2.0ಕ್ಕೆ ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಬಳಸಲು ಬಂತು, ಆದರೆ ಇಡೀ ಕರ್ನಲ್‌ಗೆ ಒಂದೇ ಬೀಗ. ಅದನ್ನು ಒಡೆಯುತ್ತ ಒಡೆಯುತ್ತ ಕೊನೆಯ ಚೂರು ಹೋದದ್ದು 2011ರ 2.6.39ರಲ್ಲಿ. ಹದಿನೈದು ವರ್ಷ! ನಮ್ಮ ಮನೆಯ ಪೋಡಿ ಅದಕ್ಕಿಂತ ಬೇಗ ಆಯಿತು. ಮೆಮೊರಿಯೊಳಗೂ ಇದೇ ನಡೆಯಿತು. 2005ರಲ್ಲಿ ಹ್ಯೂ ಡಿಕಿನ್ಸ್, ಯಾವ ವಿಳಾಸಕ್ಕೆ ಯಾವ ಪುಟ ಎಂದು ಬರೆದಿಡುವ ಪೇಜ್ ಟೇಬಲ್‌ನ ಒಂದೇ ಬೀಗವನ್ನು ಒಡೆದು ಟೇಬಲಿನ ಪುಟಕ್ಕೊಂದು ಮಾಡಿದರು. ಯಾವ ಪುಟ ಹಳತಾಯಿತು, ಯಾವುದನ್ನು ಹೊರಹಾಕಬೇಕು ಎಂಬ ಪಟ್ಟಿಯ ಬೀಗ 5.11ರಲ್ಲಿ, ಅಲೆಕ್ಸ್ ಶಿ ಅವರ ಕೈಯಿಂದ, ಒಟ್ಟಿಗೆ ಮಿತಿ ಹಾಕಿದ ಪ್ರೋಗ್ರಾಮುಗಳ ಒಂದೊಂದು ಮೆಮೊರಿ ಗುಂಪಿಗೆ ಬೇರೆ ಬೇರೆಯಾಯಿತು.

ಮೂರನೆಯದು ಹಂಡೆ. ಬಾವಿ ಒಂದೇ ಆದರೆ ಪ್ರತಿ ಚೊಂಬಿಗೂ ಬಾವಿಗೆ ಹೋಗುವುದು ಪೆದ್ದುತನ. ಹಂಡೆ ತುಂಬಿಸಿಟ್ಟುಕೊಂಡರೆ ಆಯಿತು. ಖಾಲಿ ಪುಟಗಳ ದಾಸ್ತಾನಿಗೆ ಒಂದು ಬೀಗವಿದೆ, ಅದರ ಮೇಲೆ ಬೀಳುವ ಬದಲು ಪ್ರತಿ ಸಿಪಿಯುವಿನ ಬಳಿ ಒಂದಷ್ಟು ಪುಟಗಳ ಸ್ವಂತ ಕಟ್ಟು ಇರುತ್ತದೆ. 2007ರಲ್ಲಿ ಕ್ರಿಸ್ಟೋಫ್ ಲ್ಯಾಮೀಟರ್ ತಂದ ಸ್ಲಬ್ ಎಂಬ ಮೆಮೊರಿ ಹಂಚಿಕೆದಾರನ ಜೀವಾಳವೂ ಇದೇ. ಈ ಅಧ್ಯಾಯದಲ್ಲಿ ನಮ್ಮವರದೊಂದು ಪಾತ್ರವಿದೆ. ಇಂದು ಕಂಟೇನರ್‌ಗಳು ಇಷ್ಟು ಮೆಮೊರಿ ಮೀರಬಾರದೆಂದು ಮಿತಿ ಹಾಕುತ್ತೇವಲ್ಲ, ಆ ಮೆಮೊರಿ ನಿಯಂತ್ರಕವನ್ನು 2008ರಲ್ಲಿ 2.6.25ಕ್ಕೆ ಸೇರಿಸಿದವರು ಪಾವೆಲ್ ಎಮೆಲ್ಯಾನೋವ್ ಮತ್ತು ಐಬಿಎಂನ ಭಾರತೀಯ ತಂಡದ ಬಲಬೀರ್ ಸಿಂಗ್. ಒಂದೊಂದು ಪುಟಕ್ಕೂ ಲೆಕ್ಕ ಬರೆಯಬೇಕು, ಲೆಕ್ಕದ ಪುಸ್ತಕಕ್ಕೆ ಒಂದು ಸ್ಪಿನ್‌ಲಾಕ್. ಮಿತಿಯನ್ನೇ ಹಾಕದ ಯಂತ್ರಗಳೂ ಆ ಲೆಕ್ಕಕ್ಕೆ ಕಾಯಬೇಕಾಯಿತು. ಬಲಬೀರ್ ಅವರೇ 2009ರಲ್ಲಿ ಮಿತಿಯಿಲ್ಲದ ಬುಡದ ಗುಂಪಿನ ಲೆಕ್ಕವನ್ನು ಕೈಬಿಟ್ಟರು. ಆಮೇಲೆ ಕಾಮೆಜಾವಾ ಹಿರೊಯುಕಿ ಒಮ್ಮೆಗೆ 32 ಪುಟಗಳ ಲೆಕ್ಕ ಮುಂಗಡ ಬರೆದು ಸಿಪಿಯುವಿನ ಹಂಡೆಗೆ ಹಾಕುವ ಕ್ರಮ ತಂದರು. 3.19ರಲ್ಲಿ ಯೊಹಾನೆಸ್ ವೈನರ್ ಸ್ಪಿನ್‌ಲಾಕ್ ಇಲ್ಲದ ಎಣಿಕೆ ಬರೆದು ಹಳೆಯದನ್ನು ತೆಗೆದೇ ಹಾಕಿದರು. ಹಂಡೆಗೆ ಒಂದೇ ದೋಷ: ಊರಲ್ಲಿ ನೀರು ಬತ್ತಿದ ದಿನ ಪ್ರತಿ ಮನೆಯ ಹಂಡೆಯಲ್ಲೂ ಅರ್ಧ ನೀರಿರುತ್ತದೆ, ಬಾಯಾರಿದವನಿಗೆ ಮಾತ್ರ ಸಿಗುವುದಿಲ್ಲ. ಆಗ ಕರ್ನಲ್ ಎಲ್ಲರ ಹಂಡೆ ಮಗುಚಿ ವಾಪಸು ತರಿಸುತ್ತದೆ, ಅದು ದುಬಾರಿ.

ಬೀಗದವರೆಗೆ ಬರುವ ಜನರನ್ನೇ ಕಡಿಮೆ ಮಾಡುವುದು ಇನ್ನೊಂದು ಉಪಾಯ. 4 ಕೆಬಿಗೆ ಬದಲು 2 ಎಂಬಿಯ ದೊಡ್ಡ ಪುಟ ಕೊಟ್ಟರೆ 512 ಫಾಲ್ಟ್‌ಗಳ ಜಾಗದಲ್ಲಿ ಒಂದು. ಆದರೆ ಅಷ್ಟು ದೊಡ್ಡ ಪುಟವನ್ನು ಸೊನ್ನೆಯಿಂದ ಒರೆಸಿ ಕೊಡಲು ಹೊತ್ತು ಹಿಡಿಯುತ್ತದೆ, ಅಷ್ಟೂ ಹೊತ್ತು ಬೀಗ ಕೈಯಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶಿಶ್ ಪನ್ವರ್ ಮತ್ತು ಕೆ. ಗೋಪಿನಾಥ್, ದೆಹಲಿ ಐಐಟಿಯ ಸೊರವ್ ಬನ್ಸಲ್ ಅವರೊಂದಿಗೆ 2019ರಲ್ಲಿ ಪ್ರಕಟಿಸಿದ 'ಹಾಕ್‌ಐ' ಈ ದೊಡ್ಡ ಪುಟಗಳ ಬಗ್ಗೆಯೇ. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ವಿವೇಕ: ಪುಟಗಳನ್ನು ಬಿಡುವಿನಲ್ಲಿ, ಹಿನ್ನೆಲೆಯಲ್ಲಿ, ಮೊದಲೇ ಒರೆಸಿಟ್ಟಿರು. ಬೀಗದ ಬಗ್ಗೆ ಬರೆದ ಪ್ರಬಂಧವಲ್ಲ ಅದು, ಆದರೂ ಬೀಗ ಹಿಡಿದಿರುವ ಹೊತ್ತು ಇದರಿಂದ ತಗ್ಗುತ್ತದೆ.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ದಾರಿ. ಓದುವವನು ಬೀಗ ಹಿಡಿಯುವುದೇ ಬೇಡ ಎಂಬುದು. ಇದರ ಹೆಸರು ಆರ್‌ಸಿಯು. ತಿದ್ದಬೇಕಾದವನು ಹಳೆಯ ಪುಟದ ಮೇಲೆ ಗೀಚುವುದಿಲ್ಲ. ಪಕ್ಕದಲ್ಲಿ ಹೊಸ ಪ್ರತಿ ಬರೆದು, ಇನ್ನು ಮುಂದೆ ಬರುವವರು ಇದನ್ನು ನೋಡಲಿ ಎಂದು ಕೈಕಂಬವನ್ನು ಒಂದೇ ಏಟಿಗೆ ಹೊಸದರ ಕಡೆ ತಿರುಗಿಸುತ್ತಾನೆ. ಅದಾಗಲೇ ಹಳೆಯ ಪುಟ ಓದುತ್ತ ನಿಂತವರು ಓದಿ ಮುಗಿಸಲಿ; ಅವರೆಲ್ಲ ಎದ್ದು ಹೋದರೆಂದು ಖಾತ್ರಿಯಾದ ಮೇಲೆ ಹಳೆಯದನ್ನು ಹರಿದರಾಯಿತು. ಓದುವವನು ಯಾವ ಅಂಕೆಯನ್ನೂ ಬದಲಿಸುವುದಿಲ್ಲ, ಹಾಗಾಗಿ ಕ್ಯಾಶ್ ಸಾಲಿನ ಎಳೆದಾಟವೂ ಇಲ್ಲ. ಓದುವ ಬೀಗ ಹಿಡಿಯುವಾಗಲೂ 'ನಾನೊಬ್ಬ ಬಂದೆ' ಎಂದು ಎಣಿಕೆ ಬರೆಯಬೇಕಿತ್ತು ಎಂಬುದನ್ನು ನೆನೆದರೆ ಉಳಿತಾಯ ಎಷ್ಟೆಂದು ತಿಳಿದೀತು.

ಪಾಲ್ ಮೆಕೆನ್ನಿ ಮತ್ತು ಜ್ಯಾಕ್ ಸ್ಲಿಂಗ್‌ವೈನ್ ಇದನ್ನು ಸೀಕ್ವೆಂಟ್ ಕಂಪನಿಯ ಡೈನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ರೂಪಿಸಿದ್ದರು. 1999ರಲ್ಲಿ ಐಬಿಎಂ ಸೀಕ್ವೆಂಟನ್ನು ಕೊಂಡಿತು. ಲಿನಕ್ಸ್‌ಗೆ ಆರ್‌ಸಿಯು 2002ರ ಅಕ್ಟೋಬರಿನಲ್ಲಿ, 2.5.43ರಲ್ಲಿ, ಸೇರಿತು. ಆಗ ಸೇರಿದ ಆರ್‌ಸಿಯು ಕಡತವನ್ನು ತೆಗೆದು ನೋಡಿದರೆ ಮೇಲಿನ ಟಿಪ್ಪಣಿಯಲ್ಲಿ ಬರೆದವರೆಂದು ಇದ್ದ ಮೊದಲ ಹೆಸರು ದೀಪಂಕರ್ ಸರ್ಮಾ. ಬೆಂಗಳೂರಿನ ಐಬಿಎಂ ಸಾಫ್ಟ್‌ವೇರ್ ಲ್ಯಾಬಿನ ಲಿನಕ್ಸ್ ತಂಡದವರು. ಅವರೂ ಅದೇ ತಂಡದ ಮನೀಶ್ ಸೋನಿಯವರೂ ಕಡತದ ಹೆಸರು ಹುಡುಕುವ ಡಿಕ್ಯಾಶ್‌ಗೆ ಈ ಉಪಾಯ ಹಾಕಿ ತೋರಿಸಿದರು. ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕಿನಲ್ಲಿ ಕಾದು ಕಾದು ಆಫೀಸು ಮುಟ್ಟುತ್ತಿದ್ದವರು, ಯಾರೂ ಕಾಯದೆ ಓದುವ ದಾರಿಯನ್ನು ಲಿನಕ್ಸ್‌ಗೆ ತಂದರು ಎಂದು ನಾನು ಗೆಳೆಯರ ಮುಂದೆ ತಮಾಷೆ ಮಾಡುವುದುಂಟು. ಕರ್ನಾಟಕದ ತಂತ್ರಜ್ಞಾನದ ಚರಿತ್ರೆ ಬರೆಯುವವರು ಕಂಪನಿಗಳ ಷೇರು ಬೆಲೆಯನ್ನು ಬರೆಯುತ್ತಾರೆ. ಇದನ್ನು ಬರೆದದ್ದು ನಾನು ಕಂಡಿಲ್ಲ.

ಹೀಗಿದ್ದೂ ಎಂಮ್ಯಾಪ್ ಲಾಕ್ ಮಾತ್ರ ಇಪ್ಪತ್ತು ವರ್ಷ ಜಗ್ಗಲಿಲ್ಲ. ಫಾಲ್ಟ್ ಸುದೀರ್ಘ ಕೆಲಸ, ಮಧ್ಯೆ ನಿದ್ದೆ ಹೋಗಬಹುದು, ಡಿಸ್ಕ್‌ಗೆ ಕಾಯಬಹುದು; ಆರ್‌ಸಿಯು ಓದುಗ ನಿದ್ದೆ ಹೋಗುವಂತಿಲ್ಲ. 2011ರ ಆರಂಭದ 2.6.37ರಿಂದ ಡಿಸ್ಕ್‌ಗೆ ಕಾಯುವಾಗ ಬೀಗ ಬಿಟ್ಟು, ಆಮೇಲೆ ಮೊದಲಿಂದ ಕೇಳುವ ಪದ್ಧತಿ ಬಂತು. ಅದು ಉಸಿರಾಡಲು ಸಾಕಾಯಿತು, ಅಷ್ಟೆ. 2010ರಲ್ಲೇ ಪೀಟರ್ ಜಿಲ್‌ಸ್ಟ್ರಾ ಒಂದು ಧೈರ್ಯದ ಪ್ರಸ್ತಾಪ ಇಟ್ಟಿದ್ದರು: ಬೀಗವಿಲ್ಲದೆ ಫಾಲ್ಟ್ ಮುಗಿಸಿಬಿಡೋಣ, ಕೊನೆಗೆ ದಾಖಲೆ ಬದಲಾಗಿದೆಯೇ ಎಂದು ನೋಡೋಣ, ಬದಲಾಗಿದ್ದರೆ ಮಾಡಿದ್ದನ್ನು ಬಿಟ್ಟು ಹಳೆಯ ದಾರಿ ಹಿಡಿಯೋಣ. ಐಬಿಎಂನ ಲೋರಾಂ ದ್ಯುಫೂರ್ ವರ್ಷಗಟ್ಟಲೆ ಇದನ್ನು ಹೊತ್ತು ತಿರುಗಿದರು, ಆಮೇಲೆ ಲೆಸ್ಪಿನಾಸ್. ಒಳಗೆ ಸೇರಲೇ ಇಲ್ಲ. ತುಂಬ ಕಡೆ ಕೈಹಾಕುತ್ತದೆ, ತಪ್ಪಿದರೆ ಹಿಡಿಯುವುದು ಕಷ್ಟ ಎಂಬುದು ಆಕ್ಷೇಪ. ಊರಿನ ಇಂತಿಷ್ಟು ಗಜಕ್ಕೆ ಮಾತ್ರ ಬೀಗ ಹಾಕುವ ರೇಂಜ್ ಲಾಕ್ ಯತ್ನವೂ ದಡ ಸೇರಲಿಲ್ಲ.

ಕೊನೆಗೆ ಗೆದ್ದದ್ದು ಪೋಡಿ ಮತ್ತು ಆರ್‌ಸಿಯುವಿನ ಕೂಡಾವಳಿ. ಮೊದಲು ದಾಖಲೆಯ ಕಪಾಟನ್ನೇ ಬದಲಿಸಿದರು. ವಿಎಂಎಗಳನ್ನು ಜೋಡಿಸಿಟ್ಟಿದ್ದ ಕೆಂಪು-ಕಪ್ಪು ಮರ ಎಂಬ ರಚನೆಯ ಜಾಗಕ್ಕೆ ಲಿಯಾಮ್ ಹೌಲೆಟ್ ಮತ್ತು ಮ್ಯಾಥ್ಯೂ ವಿಲ್‌ಕಾಕ್ಸ್ ಕಟ್ಟಿದ ಮೇಪಲ್ ಮರ 2022ರ ಡಿಸೆಂಬರಿನ 6.1ರಲ್ಲಿ ಬಂತು, ಇದನ್ನು ಆರ್‌ಸಿಯು ರೀತಿಯಲ್ಲಿ ಬೀಗವಿಲ್ಲದೆ ಹುಡುಕಬಹುದು. ಅದರ ಮೇಲೆ ಗೂಗಲ್‌ನ ಸುರೇನ್ ಬಾಗ್ದಸಾರ್ಯನ್ ಒಂದೊಂದು ವಿಎಂಎಗೂ ಒಂದೊಂದು ಬೀಗ ಹಾಕಿದರು, 2023ರ 6.4ರಲ್ಲಿ. ಜಿಲ್‌ಸ್ಟ್ರಾ ದಾರಿಯ ಲಾಭದ ಸುಮಾರು ಮುಕ್ಕಾಲು ಪಾಲು ಇದರಿಂದ ಸಿಗುತ್ತದೆ, ಗೋಜಲು ಕಡಿಮೆ ಎಂದು ಸುರೇನ್ ಅವರೇ ಒಪ್ಪಿಕೊಂಡು ಬರೆದಿದ್ದರು. ಆ ಪ್ರಾಮಾಣಿಕತೆಯೇ ಪ್ಯಾಚ್‌ನ ಬಲವಾಯಿತು ಎಂದು ನನಗನ್ನಿಸುತ್ತದೆ.

ಇದರೊಳಗಿನ ಒಂದು ಕುಶಲತೆಯನ್ನು ಹತ್ತಿರದಿಂದ ನೋಡಬೇಕು. ಬರೆಯುವವನು ಹತ್ತು ನಂಬರುಗಳನ್ನು ತಿದ್ದಬೇಕಾದರೆ ಹತ್ತು ಬೀಗ ಹಾಕಿ, ಮುಗಿದ ಮೇಲೆ ಯಾವ ಯಾವುದಕ್ಕೆ ಹಾಕಿದ್ದೆ ಎಂದು ನೆನಪಿಟ್ಟು ಹತ್ತನ್ನೂ ತೆಗೆಯಬೇಕಲ್ಲ? ಬೇಡ. ಊರಿಗೆ ಒಂದು ಚಾಲ್ತಿ ಅಂಕೆ ಇದೆ, 57 ಎನ್ನಿ. ತಿದ್ದುವ ನಂಬರುಗಳ ಮೇಲೆಲ್ಲ 57 ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಫಾಲ್ಟ್‌ಗೆ ಬಂದವನು ನಂಬರಿನ ಮೇಲಿನ ಅಂಕೆಯೂ ಊರಿನ ಅಂಕೆಯೂ ಒಂದೇ ಆಗಿದ್ದರೆ ತಿದ್ದುಪಡಿ ನಡೆದಿದೆ ಎಂದು ತಿಳಿದು ಹಳೆಯ ದೊಡ್ಡ ಬೀಗದ ಸಾಲಿಗೆ ಹೋಗುತ್ತಾನೆ. ಕೆಲಸ ಮುಗಿದಾಗ ಬರೆಯುವವನು ಊರಿನ ಅಂಕೆಯನ್ನು 58 ಮಾಡುತ್ತಾನೆ. ಹತ್ತೂ ಬೀಗ ಒಟ್ಟಿಗೆ ತೆರೆದಂತಾಯಿತು, ಒಂದನ್ನೂ ಮುಟ್ಟದೆ!

ಕಳೆದ ಅಡಿಕೆ ಕೊಯ್ಲಿಗೆ ಮನೆಗೆ ಹೋದಾಗ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಇದನ್ನು ಆಡಿಸಿ ನೋಡಿದೆ. ಎಂಟು ಥ್ರೆಡ್, ಒಂದೊಂದಕ್ಕೂ ತನ್ನದೇ ತುಂಡು, ಸುಮ್ಮನೆ ಪುಟ ಮುಟ್ಟುತ್ತ ಹೋಗುವುದು. ಅಂಕಿಅಂಶದ ಆಯ್ಕೆ ಹಾಕಿ ಕರ್ನಲ್ ಕಟ್ಟಿದ್ದರೆ ಪ್ರಾಕ್‌ನ ವಿಎಂಸ್ಟ್ಯಾಟ್ ಕಡತದಲ್ಲಿ ನಾಲ್ಕು ಎಣಿಕೆ ಸಿಗುತ್ತವೆ: ಸಕ್ಸೆಸ್, ಅಬಾರ್ಟ್, ರಿಟ್ರೈ, ಮಿಸ್. ಮೊದಲನೆಯದು ಓಡುತ್ತಿತ್ತು, ಉಳಿದವು ತೂಕಡಿಸುತ್ತಿದ್ದವು. ಒಂದು ಥ್ರೆಡ್‌ಗೆ ಎಂಮ್ಯಾಪ್-ಮನ್‌ಮ್ಯಾಪ್ ಮಾಡುತ್ತಲೇ ಇರು ಎಂದೆ. ಆದರೂ ಉಳಿದ ಏಳು ತಮ್ಮ ಪಾಡಿಗೆ ನಡೆದವು. ಹಳೆಯ ಕರ್ನಲ್‌ನಲ್ಲಿ ಇದೇ ಆಟ ಆಡಿಸಿದ್ದರೆ ಏಳೂ ಮುಗ್ಗರಿಸುತ್ತಿದ್ದವು. ಪಕ್ಕದಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದ ಚಿಕ್ಕಪ್ಪ, "ಏನು ಮಾರಾಯ, ನಂಬರು ಓಡೋದನ್ನ ಇಷ್ಟು ಖುಷಿಯಲ್ಲಿ ನೋಡ್ತೀಯ?" ಎಂದ. ಅವನ ಫೋನಿನಲ್ಲೂ ಇದೇ ಓಡುವುದು ಎಂದು ಹೇಳಿದೆ. ಸುರೇನ್ ದುಡಿಯುವುದು ಆಂಡ್ರಾಯ್ಡ್‌ಗೆ. ಆ್ಯಪ್ ತೆರೆಯುವ ಕ್ಷಣದಲ್ಲಿ ಹತ್ತಾರು ಥ್ರೆಡ್‌ಗಳು ಒಟ್ಟಿಗೆ ಎದ್ದು, ಕೆಲವು ಲೈಬ್ರರಿ ಎಳೆದುಕೊಳ್ಳುತ್ತ, ಕೆಲವು ಫಾಲ್ಟ್ ಆಗುತ್ತ ಬಾಗಿಲಲ್ಲಿ ತಳ್ಳಾಡುವುದೇ ಅವರ ಮುಖ್ಯ ತಲೆನೋವಾಗಿತ್ತು.

ಪೋಡಿಯಾದ ಮೇಲೆ ಗಡಿ ತಕರಾರು ಬಾರದೆ ಇರುತ್ತದೆಯೇ. 2023ರ ಜುಲೈಯಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ರುಯ್ಹಾನ್ ಲಿ ಹೊರಗೆಡವಿದ 'ಸ್ಟಾಕ್‌ರಾಟ್' ಅಂಥದ್ದು. ಸ್ಟಾಕ್ ಕೆಳಗೆ ಬೆಳೆಯುವಾಗ ಓದುವ ಬೀಗದಲ್ಲೇ ಅದರ ಎಲ್ಲೆಯನ್ನು ಸರಿಸುವ ಹಳೆಯ ಸಲುಗೆಯೊಂದು ಇತ್ತು. ಹಳೆಯ ಮರದಲ್ಲಿ ಅದು ನಡೆಯುತ್ತಿತ್ತು, ಮರದ ಆಕಾರ ಬದಲಾಗುತ್ತಿರಲಿಲ್ಲ. ಮೇಪಲ್ ಮರದಲ್ಲಿ ಎಲ್ಲೆ ಸರಿಸಿದರೆ ಹೊಸ ಕೊಂಬೆಯೇ ಹುಟ್ಟುತ್ತದೆ, ಹಳೆಯದು ಬಿಡುಗಡೆಯಾಗುತ್ತದೆ, ಇನ್ನೊಬ್ಬ ಅದನ್ನೇ ಹಿಡಿದುಕೊಂಡಿರುತ್ತಾನೆ. 6.1ರಿಂದ 6.4ರವರೆಗೆ ಎಲ್ಲಕ್ಕೂ ತಗುಲಿತು. ಇನ್ನೊಂದು, ಫೋರ್ಕ್. ಪ್ರೋಗ್ರಾಮ್ ತನ್ನ ಪಡಿಯಚ್ಚು ತೆಗೆಯುವಾಗ ಊರಿಗೆ ದೊಡ್ಡ ಬೀಗ ಹಾಕಿದರೆ ಸಾಕು, ಯಾರೂ ಅಲುಗಾಡುವುದಿಲ್ಲ ಎಂದು ಹಳೆಯ ಕೋಡ್ ನಂಬಿತ್ತು. ಈಗ ಫಾಲ್ಟ್‌ಗಳು ಆ ದೊಡ್ಡ ಬಾಗಿಲಿಗೆ ಬರುವುದೇ ಇಲ್ಲವಲ್ಲ. ಮೆಮೊರಿ ಕೆಡಲು ಶುರುವಾಯಿತು, 6.4ರ ಸ್ಥಿರ ಆವೃತ್ತಿಯಲ್ಲಿ ವಿಎಂಎ ಬೀಗದ ಸೌಲಭ್ಯವನ್ನೇ ಕೆಲವು ದಿನ ಮುಚ್ಚಿಟ್ಟರು. ಬೀಗ ಒಡೆಯುವುದು ಸುಲಭ. ಆ ಬೀಗವನ್ನು ನಂಬಿಕೊಂಡು ಹೇಳದೆ ಕೇಳದೆ ಬದುಕುತ್ತಿದ್ದವರನ್ನು ಹುಡುಕುವುದು ಕಷ್ಟ.

ಆಮೇಲಿನದ್ದು ಬೇಗ ಹೇಳಬಹುದು. 6.6ರ ಹೊತ್ತಿಗೆ ಕಡತದ ಪುಟಗಳ ಫಾಲ್ಟ್‌ಗೂ ವಿಎಂಎ ಬೀಗ ವಿಸ್ತರಿಸಿತು. 2025ರಲ್ಲಿ ವಿಎಂಎಯ ಬೀಗ ಒಂದು ಎಣಿಕೆಯಾಗಿ ಇಳಿಯಿತು, ಮೆಮೊರಿ ನಕ್ಷೆಯನ್ನು ಓದುವವರಿಗೂ ದೊಡ್ಡ ಬೀಗದಿಂದ ಬಿಡುಗಡೆ ಸಿಕ್ಕಿತು. ಡೇಟಾಬೇಸನ್ನು ನಿಲ್ಲಿಸಿದ್ದ ಆ ನನ್ನ ಪುಟ್ಟ ಪ್ರೋಗ್ರಾಮ್ ಇನ್ನು ನಿರಪರಾಧಿ. ಆದರೆ ಎಂಮ್ಯಾಪ್, ಮನ್‌ಮ್ಯಾಪ್ ಮಾಡುವವರು ಈಗಲೂ ಒಬ್ಬೊಬ್ಬರಾಗಿಯೇ ಹೋಗಬೇಕು. ಬೇರೆ ಬೇರೆ ಜಾಗ ತಿದ್ದುವವರು ಒಟ್ಟಿಗೆ ತಿದ್ದಲಿ ಎಂದು ಎಂಐಟಿಯ ಕ್ಲೆಮೆಂಟ್ಸ್ ತಂಡ 2013ರಲ್ಲೇ 'ರೇಡಿಕ್ಸ್‌ವಿಎಂ' ಕಟ್ಟಿ ತೋರಿಸಿತ್ತು, ಲಿನಕ್ಸ್ ಆ ಗೋಜಿಗೆ ಹೋಗಿಲ್ಲ. ಹೋಗದ್ದು ಸರಿ ಎಂದೇ ನನ್ನ ಎಣಿಕೆ. ಬರೆಯುವವರ ಸಂಖ್ಯೆಯನ್ನು ಪ್ರೋಗ್ರಾಮ್ ಬರೆಯುವವರೇ ತಗ್ಗಿಸಬಹುದು. ಜಿಲಿಬ್‌ಸಿ ಲೈಬ್ರರಿಯಲ್ಲಿ ಪ್ರೋಗ್ರಾಮಿಗೆ ಮೆಮೊರಿ ಹಂಚುವ ಮ್ಯಾಲಕ್, ಥ್ರೆಡ್‌ಗಳ ಅರೀನಾ ಎಂಬ ದಾಸ್ತಾನು ಬೆಳೆಸುವಾಗ ಅನುಮತಿ ಬದಲಿಸುವ ಎಂಪ್ರೊಟೆಕ್ಟನ್ನು ಕರೆಯುತ್ತದೆ, ಅಂದರೆ ಪ್ರತಿ ಸಲವೂ ಬರೆಯುವ ಬೀಗ. ಸರ್ವರ್ ನಿಧಾನ ಎಂದು ಕರ್ನಲ್ಲನ್ನು ಬೈಯುತ್ತ ಬಂದವರಿಗೆ ನಾನು ಮೊದಲು ಕೇಳುವುದು, ಯಾವ ಮ್ಯಾಲಕ್ ಹಾಕಿದ್ದೀರಿ ಎಂದು.

ಫೋರ್ಕ್‌ನ ತೊಂದರೆಗೆ ಕಂಡ ಪರಿಹಾರವನ್ನೂ ಹೇಳಬೇಕು. ಪಡಿಯಚ್ಚು ತೆಗೆಯುವ ಮೊದಲು ಊರಿನ ಒಂದೊಂದು ನಂಬರಿಗೂ ಹೋಗಿ ಸೀಮೆಸುಣ್ಣದಲ್ಲಿ ಬರೆದು ಬಾ ಎಂದರು. ಸಾವಿರ ತುಂಡಿದ್ದರೆ ಸಾವಿರ ಕಡೆ. ನಮ್ಮ ಪೋಡಿಯಲ್ಲೂ ಬಾವಿ ಮಾತ್ರ ಜಂಟಿಯಾಗಿಯೇ ಉಳಿದಿದೆ. ಮೋಟಾರಿನ ಪಾಳಿ ಬದಲಾಗಬೇಕಾದರೆ ಅಪ್ಪ ಈಗಲೂ ಮೊದಲು ದೊಡ್ಡಪ್ಪನ ಮನೆಗೆ ಹೋಗಿ ಹೇಳಿ, ಅಲ್ಲಿಂದ ಚಿಕ್ಕಪ್ಪನ ಮನೆಗೆ ಹೋಗಿ ಹೇಳಿ, ಆಮೇಲೆ ಸ್ವಿಚ್ ಹಾಕುತ್ತಾರೆ.